ಒಂದು ಅಂಕದಿಂದ ತಪ್ಪಿದ ಏಟು

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರಿಗೆ 27 ಅನ್ನೋದು ಒಂದು ಬಜೆಟ್. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಗುಣಗಳು. ಎಲ್ಲವೂ 8ರಿಂದ ಶುರು. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಕ ಖರ್ಚು, ಅಲ್ಲಿಂದ 15ರವರೆಗೆ ಮೆಟ್ಟಿಲಿಗೆ ಎರಡೆರಡು. ಒಂದು ಗುಣವನ್ನು 15ಕ್ಕೆ ಏರಿಸಿದರೆ 9 ಅಂಕ ಹೋಯ್ತು. ಮೂರನ್ನು 15 ಮಾಡಿದರೆ 27 ಪೂರ್ತಿ ಖಾಲಿ, ಉಳಿದ ಮೂರು 8ರಲ್ಲೇ ಕೂತಿರುತ್ತವೆ. ವಿಜಯನಗರದಲ್ಲಿ 20-30 ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಲೆಕ್ಕ ಹೊಸದೇನಲ್ಲ. ಪಾರ್ಕಿಂಗ್ ಬಿಟ್ಟರೆ ಹಾಲ್ ಚಿಕ್ಕದು, ಹಾಲ್ ದೊಡ್ಡದು ಮಾಡಿದರೆ ಕಾರು ರೋಡಲ್ಲಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಟೇಬಲ್ ಸುತ್ತ ಕೂರುತ್ತೀರಿ. ಒಬ್ಬರು ಡಿಎಂ, ಅಂದ್ರೆ ಕಥೆ ನಡೆಸುವವರು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ನೀವು ಏನು ಮಾಡ್ತೀರಿ ಅಂತ ಬಾಯಲ್ಲಿ ಹೇಳ್ತೀರಿ, ಆಗುತ್ತೋ ಇಲ್ವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. ಇಷ್ಟೇ. ನಮ್ಮ ಗುಂಪು ಬಸವೇಶ್ವರನಗರದ ಒಂದು ಮನೆಯ ಎರಡನೇ ಮಹಡಿಯಲ್ಲಿ ಭಾನುವಾರ ಸೇರುತ್ತೆ. ಒಬ್ಬ ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಆಟೋ ಹಿಡೀತಾನೆ, ಒಬ್ಬಳು ರಾಜಾಜಿನಗರದಿಂದ ಸ್ಕೂಟರಲ್ಲಿ ಬರ್ತಾಳೆ. ಕಾಂಡಿಮೆಂಟ್ಸ್‌ನ ನಿಪ್ಪಟ್ಟು ಇರುತ್ತೆ. ನಿಪ್ಪಟ್ಟು ತಿಂದ ಕೈಯಲ್ಲಿ ದಾಳ ಮುಟ್ಟಬಾರದು ಅನ್ನೋದೊಂದೇ ನಮ್ಮಲ್ಲಿ ಎಲ್ಲರೂ ಒಪ್ಪುವ ನಿಯಮ.

ಎಲ್ಲರೂ ಒಪ್ಪದ ವಿಷಯ ಯಾವುದು ಅಂದ್ರೆ, ಆ 27 ಅಂಕವನ್ನು ಹೇಗೆ ಖರ್ಚು ಮಾಡಬೇಕು ಅನ್ನೋದು. ಗೆಲ್ಲೋ ಹಾಗೆ ಕಟ್ಟಬೇಕೋ, ಒಬ್ಬ ಮನುಷ್ಯನ ಹಾಗೆ ಕಟ್ಟಬೇಕೋ? ಜಗತ್ತಿನಲ್ಲಿ ಈ ಆಟ ಆಡುವ ಪ್ರತಿ ಟೇಬಲ್ಲಿನಲ್ಲೂ ಈ ಜಗಳ ಇದೆ. ಎರಡು ಪಕ್ಷ. ಒಂದು ಪಕ್ಷ ಹೇಳುತ್ತೆ: ಬರೀ ಅಂಕ ನೋಡಿ ಕಟ್ಟಿದ ಪಾತ್ರ ಪಾತ್ರವೇ ಅಲ್ಲ, ಕ್ಯಾಲ್ಕುಲೇಟರ್‌ಗೆ ಮೀಸೆ ಬರೆದ ಹಾಗೆ. ಇನ್ನೊಂದು ಪಕ್ಷ ಹೇಳುತ್ತೆ: ನಿನ್ನ ಪಾತ್ರದ ಭಾವನೆ ಎಲ್ಲ ಸರಿ ಗುರು, ಆದ್ರೆ ರಾಕ್ಷಸ ಬಂದಾಗ ಕತ್ತಿ ಬೀಸೋಕೆ ಬರ್ಬೇಕಲ್ವಾ? ಎರಡೂ ಒಟ್ಟಿಗೆ ಇರಬಹುದು ಅನ್ನೋ ಸಮಾಧಾನದ ಉತ್ತರ ಕೂಡ ಹಳೇದೇ. ಚೆನ್ನಾಗಿ ಲೆಕ್ಕ ಹಾಕಿದವನು ಚೆನ್ನಾಗಿ ನಟಿಸಲಾರ ಅಂತ ಯಾರೂ ಸಾಬೀತು ಮಾಡಿಲ್ಲ. ಅದು ನಿಜ. ಆದರೆ ಆ ಉತ್ತರ ನನಗೆ ಸಾಲದು. 27 ಅಂಕ ಇರುವವರೆಗೆ ಎಲ್ಲೋ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳಲೇಬೇಕು. ಕಿತ್ತುಕೊಂಡದ್ದು ಯಾರ ಜೇಬಿನಿಂದ ಅನ್ನೋದು ನನ್ನ ಪ್ರಶ್ನೆ.

ಮೊದಲು ಹೀಗಿರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರಗೆ ತಂದಾಗ ಬಜೆಟ್ ಅನ್ನೋ ಮಾತೇ ಇಲ್ಲ. ಮೂರು ದಾಳ ಉರುಳಿಸು, ಬಂದದ್ದನ್ನು ಮೊದಲ ಗುಣಕ್ಕೆ ಬರಿ, ಮತ್ತೆ ಉರುಳಿಸು, ಎರಡನೆಯದಕ್ಕೆ ಬರಿ. ಆರು ಸಲ ಆದಮೇಲೆ ನಿನ್ನ ಮುಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನನ್ನು ನೋಡಿ, ಸರಿ, ಇವನು ಏನಾಗಬಹುದು ಅಂತ ಯೋಚಿಸಬೇಕು. ನಮ್ಮ ಮಾತಲ್ಲಿ ಹೇಳೋದಾದ್ರೆ ಅದು ಹಣೆಬರಹ. ಆಮೇಲೆ ನಾಲ್ಕು ದಾಳ ಹಾಕಿ ಕಡಿಮೆ ಬಂದದ್ದನ್ನು ಬಿಡುವ ಪದ್ಧತಿ ಬಂತು, ಬೇಕಾದ ಕಡೆಗೆ ಹಾಕಿಕೊಳ್ಳುವ ಸ್ವಾತಂತ್ರ್ಯ ಬಂತು, ಅಂಕ ಕೊಟ್ಟು ಗುಣ ಕೊಳ್ಳುವ ಪದ್ಧತಿ ಬಂತು. 2014ರ ಐದನೇ ಆವೃತ್ತಿಯ ಪುಸ್ತಕದಲ್ಲಿ 27ರ ಲೆಕ್ಕ ಅಚ್ಚಾಗಿದೆ. ಹಣೆಬರಹ ಹೋಗಿ ರೆಸ್ಯೂಮ್ ಬಂತು.

ಇದರ ಪಕ್ಕದಲ್ಲೇ ಇನ್ನೊಂದು ಬದಲಾವಣೆ ಆಯ್ತು, ಅದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 2014ರ ಪುಸ್ತಕದಲ್ಲಿ ನಿಮ್ಮ ಪಾತ್ರ ಯಾವ ಕುಲದಲ್ಲಿ ಹುಟ್ಟಿದೆ ಅನ್ನೋದರ ಮೇಲೆ ಗುಣಗಳು ಏರುತ್ತಿದ್ದವು. ಅರ್ಧ-ಆರ್ಕ್ ಆಗಿ ಹುಟ್ಟಿದರೆ ಶಕ್ತಿಗೆ ಎರಡು ಜಾಸ್ತಿ, ಎಲ್ಫ್ ಆದರೆ ಚುರುಕಿಗೆ ಎರಡು ಜಾಸ್ತಿ. ಹುಟ್ಟಿನಿಂದಲೇ ಯಾರಿಗೆ ಬುದ್ಧಿ, ಯಾರಿಗೆ ರಟ್ಟೆ ಅಂತ ನಿರ್ಧಾರ ಮಾಡೋ ಪುಸ್ತಕ ಅಮೆರಿಕದಿಂದ ಬರಬೇಕಿತ್ತಾ, ನಮ್ಮಲ್ಲೇ ಬೇಕಾದಷ್ಟಿತ್ತಲ್ಲ ಅಂತ ನಮ್ಮ ಡಿಎಂ ನಗ್ತಿರ್ತಾನೆ. 2020ರಲ್ಲಿ ಬಂದ ಇನ್ನೊಂದು ಪುಸ್ತಕ ಆ ಹೆಚ್ಚುವರಿ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳಬಹುದು ಅಂತು. 2024ರ ಪುಸ್ತಕ ಅವನ್ನು ಹುಟ್ಟಿನಿಂದ ಬಿಡಿಸಿ, ಪಾತ್ರ ಮೊದಲು ಏನು ಕೆಲಸ ಮಾಡಿಕೊಂಡಿತ್ತು ಅನ್ನೋದಕ್ಕೆ ಕಟ್ಟಿತು. ಒಳ್ಳೇದೇ ಆಯ್ತು. ನಾವಿನ್ನೂ ಹಳೇ ಪುಸ್ತಕದಲ್ಲೇ ಆಡ್ತೀವಿ, ಕಾರಣ ಹೊಸದರ ಬೆಲೆ.

ಹಣೆಬರಹಕ್ಕೂ ರೆಸ್ಯೂಮ್‌ಗೂ ನೈತಿಕವಾಗಿ ಒಂದು ದೊಡ್ಡ ವ್ಯತ್ಯಾಸ ಇದೆ. ದಾಳ ನನಗೆ ಶಕ್ತಿ 7 ಕೊಟ್ಟರೆ ನನ್ನನ್ನು ಯಾರೂ ಬಯ್ಯಲಾರರು. ಅಯ್ಯೋ ಪಾಪ ಅಂತಾರೆ, ನನ್ನನ್ನು ಹಿಂದೆ ನಿಲ್ಲಿಸಿಕೊಂಡು ಕಾಪಾಡ್ತಾರೆ. ಆದರೆ 27 ಅಂಕ ಕೈಯಲ್ಲಿಟ್ಟುಕೊಂಡು ನಾನೇ ಶಕ್ತಿ 8 ಅಂತ ಬರೆದರೆ, ಯಾಕೆ ಅಂತ ಕೇಳುವ ಹಕ್ಕು ಪಕ್ಕದಲ್ಲಿ ಕೂತವರಿಗೆ ಬಂದುಬಿಡುತ್ತೆ. ಆಯ್ಕೆ ಬಂದ ಕಡೆ ಜವಾಬ್ದಾರಿ ಹಿಂದೆಯೇ ಬರುತ್ತೆ.

ಈಗ ಗುಂಡಪ್ಪನ ಕಥೆ.

ಗುಂಡಪ್ಪ ನಮ್ಮ ರಾಜಾಜಿನಗರದ ಗೆಳತಿ ಕಟ್ಟಿದ ಪಾತ್ರ. ಅರ್ಧ-ಆರ್ಕ್, ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಯ ಯೋಧ. ಅವನ ಹಿಂದಿನ ಕಸುಬು ಊರ ಮಕ್ಕಳಿಗೆ ಲೆಕ್ಕ ಹೇಳಿಕೊಡೋದು. ಅದಕ್ಕಾಗಿ ಅವಳು ಬುದ್ಧಿಯನ್ನು 14ಕ್ಕೆ ಏರಿಸಿದ್ದಳು. 7 ಅಂಕ ಖರ್ಚು. ಆ ದುಡ್ಡು ಹೊಂದಿಸೋಕೆ ಶಕ್ತಿಯನ್ನು 12ಕ್ಕೆ ನಿಲ್ಲಿಸಿದಳು, ಹುಟ್ಟಿನ 2 ಸೇರಿ 14. ಈ ಆಟದಲ್ಲಿ ಕತ್ತಿ ಹಿಡಿದ ಯೋಧನಿಗೆ ಬುದ್ಧಿ ಅನ್ನೋದು ಯಾವ ಕೆಲಸಕ್ಕೂ ಬರದ ಗುಣ. ಇಂಥದಕ್ಕೆ ಆಟಗಾರರು ಡಂಪ್ ಸ್ಟ್ಯಾಟ್ ಅಂತಾರೆ. 8ಕ್ಕೆ ಇಳಿಸಿ ಎಸೆದುಬಿಡೋದು, ಉಳಿದ ಅಂಕ ಬೇರೆ ಕಡೆ ಹಾಕೋದು. ಕೆಂಗೇರಿಯ ಗೆಳೆಯ ಅವಳ ಹಾಳೆ ನೋಡಿದ ತಕ್ಷಣ ಹೇಳಿದ, "ಮಗಾ, ಬುದ್ಧಿ ಮಾರಿ ಶಕ್ತಿ ತಗೋ. 16 ಆಗುತ್ತೆ, ಇನ್ನೂ 4 ಅಂಕ ಚಿಲ್ಲರೆ ಉಳಿಯುತ್ತೆ." ಅವಳು ಇಲ್ಲ ಅಂದಳು. ಯಾಕೆ ಅಂತ ಹೇಳಲಿಲ್ಲ. ಅವಳ ಅಪ್ಪ ಮಾಗಡಿ ಕಡೆ ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು, ಈಗಿಲ್ಲ. ಇದು ಗೊತ್ತಿದ್ದದ್ದು ಟೇಬಲ್ಲಿನಲ್ಲಿ ನಮ್ಮಿಬ್ಬರಿಗೆ ಮಾತ್ರ.

16ಕ್ಕೂ 14ಕ್ಕೂ ಎಷ್ಟು ವ್ಯತ್ಯಾಸ? ದಾಳಕ್ಕೆ ಕೂಡಿಸುವಾಗ ಒಂದೇ ಒಂದು ಅಂಕ, +3 ಬದಲು +2. ಇಪ್ಪತ್ತು ಮುಖದಲ್ಲಿ ಒಂದು ಮುಖ. ಶೇಕಡಾ 5. "ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯಾ" ಅನ್ನೋದು ವ್ಯಕ್ತಿತ್ವ ಪಕ್ಷದವರ ಮಾಮೂಲಿ ಮಾತು. ಆದರೆ ಆ ಲೆಕ್ಕ ಅರ್ಧ. ಶಕ್ತಿಯ ಅಂಕ ಏಟು ತಾಗುವುದಕ್ಕೂ ಸೇರುತ್ತೆ, ತಾಗಿದ ಮೇಲೆ ಎಷ್ಟು ಪೆಟ್ಟು ಅನ್ನುವುದಕ್ಕೂ ಸೇರುತ್ತೆ. 2014ರ ಪುಸ್ತಕದ ಒಬ್ಬ ಸಾಮಾನ್ಯ ಆರ್ಕ್‌ನ ರಕ್ಷಣೆ 13, ಪ್ರಾಣ 15. ಮೊದಲ ಹಂತದ ಯೋಧನಿಗೆ ಅಭ್ಯಾಸದ +2 ಇರುತ್ತೆ. ಶಕ್ತಿ 16 ಇದ್ದರೆ ಒಟ್ಟು +5, ನೂರಕ್ಕೆ 65 ಸಲ ಏಟು ತಾಗುತ್ತೆ, ತಾಗಿದರೆ ಸರಾಸರಿ 10. ಅಂದ್ರೆ ಒಂದು ಬೀಸಿಗೆ 6.5. ಶಕ್ತಿ 14 ಇದ್ದರೆ 60 ಸಲ, ತಾಗಿದರೆ 9, ಒಂದು ಬೀಸಿಗೆ 5.4. ವಿಶೇಷ ಏಟುಗಳನ್ನು ಬಿಟ್ಟು ಹೇಳ್ತಿದ್ದೀನಿ. ಇದು ಶೇಕಡಾ 5 ಅಲ್ಲ, ಹೆಚ್ಚುಕಮ್ಮಿ ಆರರಲ್ಲಿ ಒಂದು ಭಾಗ. ಆ ಆರ್ಕ್‌ನನ್ನು ಬೀಳಿಸಲು ಒಬ್ಬನಿಗೆ ಸುಮಾರು 2.3 ಸುತ್ತು ಬೇಕು, ಇನ್ನೊಬ್ಬನಿಗೆ 2.8. ಅರ್ಧ ಸುತ್ತು ಜಾಸ್ತಿ.

ಆ ಅರ್ಧ ಸುತ್ತಿನಲ್ಲಿ ಆರ್ಕ್ ಸುಮ್ಮನೆ ನಿಂತಿರಲ್ಲ. ಅವನ ಕೊಡಲಿಯ ಏಟು ಸರಾಸರಿ 9.5. ಮೊದಲ ಹಂತದ ಮಾಂತ್ರಿಕನ ಪ್ರಾಣ, ತಾಳಿಕೆ 12 ಇದ್ದರೆ, 7.

ಆ ಮಾಂತ್ರಿಕ ನಾನು. ಹೆಸರು ಶಾನುಭೋಗ. ಎರಡನೇ ಭಾನುವಾರ ಒಂದು ಸೇತುವೆಯ ಮೇಲೆ ಗುಂಡಪ್ಪ ಕತ್ತಿ ಬೀಸಿದ, ದಾಳ 8 ತೋರಿಸಿತು. 8ಕ್ಕೆ 4 ಕೂಡಿಸಿದರೆ 12, ಬೇಕಿದ್ದದ್ದು 13. ತಪ್ಪಿತು. ಮರುಗಳಿಗೆ ಕೊಡಲಿ ನನ್ನ ಕಡೆ ತಿರುಗಿತು. ನೆಲಕ್ಕೆ ಬಿದ್ದವನು ಉಳಿಯುವುದಕ್ಕೆ ದಾಳ 10 ಅಥವಾ ಮೇಲೆ ಬರಬೇಕು, ಮೂರು ಸಲ ತಪ್ಪಿದರೆ ಮುಗೀತು. ನನಗೆ ಮೂರು ಸಲ ತಪ್ಪಿತು. ಆಮೇಲೆ ಡಿಎಂ ಹೇಳಿದ, ಆ ಆರ್ಕ್‌ಗೆ ಉಳಿದಿದ್ದದ್ದು 4 ಪ್ರಾಣ ಅಂತ. ಏಟು ತಾಗಿದ್ದರೆ ಎಷ್ಟೇ ಕಡಿಮೆ ಪೆಟ್ಟು ಬಿದ್ದರೂ ಅವನು ಅಲ್ಲೇ ಸಾಯುತ್ತಿದ್ದ. ಕೆಂಗೇರಿಯವನಿಗೆ ಬಾಯಿ ಸುಮ್ಮನಿರಲ್ಲ. "ಅವಳ 14 ನಿನ್ನ ಪ್ರಾಣ ತೆಗೀತು ಗುರು" ಅಂದ. ಅವಳು ನಿಪ್ಪಟ್ಟಿನ ಕವರ್ ಮಡಚುತ್ತಾ ಕೂತಿದ್ದಳು.

ಅವನು ಹೇಳಿದ್ದು ಲೆಕ್ಕದಲ್ಲಿ ಸರಿ. ಇಪ್ಪತ್ತರಲ್ಲಿ ಒಂದು ಸಲ ಬರುವ ವ್ಯತ್ಯಾಸ ಆವತ್ತೇ, ಆ ಸೇತುವೆಯ ಮೇಲೇ ಬಂತು. ಆದರೂ ಆ ಮಾತು ತಪ್ಪು ಅಂತ ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತೆ. ಯಾಕೆ ಅಂತ ಬಿಡಿಸಿ ಹೇಳೋಕೆ ಸ್ವಲ್ಪ ದಿನ ಹಿಡೀತು.

ಮೊದಲು ಅವನ ಪರವಾಗಿ. ಲೆಕ್ಕ ಹಾಕಿ ಪಾತ್ರ ಕಟ್ಟುವವರನ್ನು ಒಣ ಮನುಷ್ಯರು ಅಂತ ಬಯ್ಯೋದು ಸುಲಭ. ಇವನ ಕಥೆ ಬೇರೆ. ಕೆಲಸ ಮಾಡುವ ಕಡೆ ಮೂರು ವರ್ಷದಿಂದ ಇವನ ರೇಟಿಂಗ್ ಕದಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಸರ್ವರ್ ಸರಿ ಮಾಡಿದ ವರ್ಷವೂ ಅಷ್ಟೇ, ಏನೂ ಮಾಡದ ವರ್ಷವೂ ಅಷ್ಟೇ. ಒಂದಿನ ಮೆಟ್ರೋ ಸ್ಟೇಷನ್ ಕೆಳಗೆ ಕಾಫಿ ಕುಡಿಯುವಾಗ ಹೇಳಿದ, "ಅಲ್ಲಿ ನಾನು ಎಷ್ಟು ಮಾಡಿದ್ರೂ ಏನಾಗುತ್ತೆ ಅಂತ ಗೊತ್ತಿಲ್ಲ. ಇಲ್ಲಿ +3 ಅಂದ್ರೆ +3. ಪುಸ್ತಕದಲ್ಲಿ ಬರೆದಿದ್ದಾರೆ, ಯಾವ ಮ್ಯಾನೇಜರ್‌ಗೂ ಅದನ್ನ ಬದಲಾಯಿಸೋಕಾಗಲ್ಲ." ಇದನ್ನು ಕೇಳಿದ ಮೇಲೆ ಮಿನ್-ಮ್ಯಾಕ್ಸ್ ಮಾಡುವವರ ಬಗ್ಗೆ ಜೋಕ್ ಮಾಡೋದನ್ನು ಕಮ್ಮಿ ಮಾಡಿದೆ. ಹಾಕಿದ ಶ್ರಮಕ್ಕೆ ಸರಿಯಾದ ಫಲ ಸಿಗುವ ಒಂದು ಜಾಗ ಬೇಕು ಅನ್ನೋದು ದುರಾಸೆ ಅಲ್ಲ, ನ್ಯಾಯದ ಹಸಿವು. ಅವನ ಪಾತ್ರದಲ್ಲಿ ವ್ಯಕ್ತಿತ್ವ ಇಲ್ಲ ಅಂತ ಹೇಳ್ತೀವಲ್ಲ, ಆ ಲೆಕ್ಕವೇ ಅವನ ವ್ಯಕ್ತಿತ್ವ.

ಆದರೆ ಅವನ ಲೆಕ್ಕದಲ್ಲೂ ಒಂದು ಸಾಲು ಬಿಟ್ಟುಹೋಗಿದೆ. ಅವನ ಪಾತ್ರ ಬಲವಾದಷ್ಟೂ ಡಿಎಂ ಏನು ಮಾಡ್ತಾನೆ? ಕಾದಾಟ ಸಪ್ಪೆ ಆಗಬಾರದು ಅಂತ ಇನ್ನೂ ದೊಡ್ಡ ರಾಕ್ಷಸರನ್ನು ತರ್ತಾನೆ. ಸೇತುವೆಯ ಮೇಲೆ ಮೊದಲು ಇರಬೇಕಾಗಿದ್ದದ್ದು ಸಣ್ಣಪುಟ್ಟ ಗಾಬ್ಲಿನ್‌ಗಳು. ಹಿಂದಿನ ವಾರ ಕೆಂಗೇರಿಯವನ ಬಿಲ್ಲುಗಾರ ಒಬ್ಬನೇ ಎಲ್ಲರನ್ನೂ ಉರುಳಿಸಿದ ಅಂತ ಡಿಎಂ ಆರ್ಕ್‌ಗಳನ್ನು ಹಾಕಿದ. ಹಾಗಾದ್ರೆ ಶಾನುಭೋಗನನ್ನು ಕೊಂದದ್ದು ಗುಂಡಪ್ಪನ 14 ಮಾತ್ರವಾ, ಅಥವಾ ಇವನ 17 ಕೂಡಾನಾ? ಇದು ನಮ್ಮ ಏರಿಯಾದಲ್ಲಿ ಬೆಳೆದವರಿಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ಒಬ್ಬ ಟ್ಯೂಷನ್‌ಗೆ ಹೋದರೆ ಅವನಿಗೆ ರ‍್ಯಾಂಕ್, ಬೀದಿಗೆ ಬೀದಿಯೇ ಹೋದರೆ ಕಟ್‌ಆಫ್ ಏರುತ್ತೆ ಅಷ್ಟೇ. ಹೋಗದವನು ಮೊದಲಿಗಿಂತ ಹಿಂದೆ ಬೀಳ್ತಾನೆ, ಹೋದವನು ಮೊದಲಿದ್ದಲ್ಲೇ ಇರ್ತಾನೆ.

ಇನ್ನೊಂದು ಪಕ್ಷವನ್ನೂ ಬಿಡಬಾರದು. ವ್ಯಕ್ತಿತ್ವದ ಹೆಸರಲ್ಲಿ ಟೇಬಲ್ ಹಾಳು ಮಾಡಿದವರನ್ನು ನಾನು ಲೆಕ್ಕ ಹಾಕಿ ಹಾಳು ಮಾಡಿದವರಿಗಿಂತ ಜಾಸ್ತಿ ನೋಡಿದ್ದೀನಿ. ಹಿಂದೊಂದು ಗುಂಪಿನಲ್ಲಿ ಒಬ್ಬನ ಕಳ್ಳ ಜೊತೆಗಾರರ ಜೇಬಿಗೇ ಕೈ ಹಾಕ್ತಿದ್ದ. ಕೇಳಿದರೆ, "ನಾನೇನು ಮಾಡ್ಲಿ, ನನ್ನ ಕ್ಯಾರೆಕ್ಟರ್ ಹಂಗೇ." ಈ ವಾಕ್ಯ ಕೇಳಿದರೆ ನನಗೆ ಮೈ ಉರಿಯುತ್ತೆ. ನಿನ್ನ ಕ್ಯಾರೆಕ್ಟರನ್ನು ಬರೆದವನು ನೀನೇ ಕಣಪ್ಪ, ಅವನ ಹೆಗಲ ಮೇಲೆ ತಪ್ಪು ಹಾಕಿ ನೀನು ಹಿಂದೆ ಅಡಗಿಕೊಂಡರೆ ಹೇಗೆ? ಮನೆಗಳಲ್ಲಿ "ಅವರ ಸ್ವಭಾವಾನೇ ಹಂಗೆ, ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂತಾರಲ್ಲ, ಅದೇ ರಾಗ.

ಹಾಗಾಗಿ ನನಗೆ ಕಾಣಿಸುವುದು ಇಷ್ಟು. ಅಂಕ ದೊಡ್ಡದಾ, ಮನುಷ್ಯ ದೊಡ್ಡವನಾ ಅನ್ನೋದು ಒಬ್ಬನೇ ಕೂತು ಹಾಳೆ ತುಂಬುವಾಗ ಹುಟ್ಟುವ ಪ್ರಶ್ನೆ. ಟೇಬಲ್ಲಿಗೆ ಬಂದ ಮೇಲೆ ಪ್ರಶ್ನೆ ಬೇರೆ ಆಗುತ್ತೆ. ನನ್ನ ಪಾತ್ರದ ಕೊರತೆಯನ್ನೋ ಹೆಚ್ಚುಗಾರಿಕೆಯನ್ನೋ ನಾನು ಅನುಭವಿಸ್ತೀನಿ, ಬಿಲ್ ಎಲ್ಲರ ಮಧ್ಯೆ ಹಂಚಿಹೋಗುತ್ತೆ. ಹಂಚಿಹೋಗುವ ಬಿಲ್ಲಿಗೆ ಎಲ್ಲರ ಒಪ್ಪಿಗೆ ಇದೆಯಾ? ಗುಂಡಪ್ಪನ ಬುದ್ಧಿ 14 ಇರಬೇಕು, ಅದಕ್ಕೆ ಇಪ್ಪತ್ತರಲ್ಲಿ ಒಂದು ಸಲ ನಿನ್ನ ತಲೆ ಹೋಗಬಹುದು ಅಂತ ಅವಳು ನನ್ನನ್ನು ಕೇಳಿದ್ದರೆ ನಾನು ಎರಡು ಸಲ ಯೋಚಿಸದೆ ಹೂಂ ಅಂತಿದ್ದೆ. ಕೇಳಬಹುದು ಅನ್ನೋದೇ ಅವಳಿಗೆ ಹೊಳೆದಿರಲಿಲ್ಲ, ಇನ್ಯಾರಿಗೂ ಹೊಳೆದಿರಲಿಲ್ಲ. ನಾವೆಲ್ಲ ಮನೆಯಲ್ಲೇ ಹಾಳೆ ತುಂಬಿಕೊಂಡು ಬಂದಿದ್ವಿ, ಅಪ್ಲಿಕೇಷನ್ ತುಂಬಿದ ಹಾಗೆ.

ನಮ್ಮ ಗುಂಪಿನಲ್ಲಿ ಪುತ್ತೂರಿನವನೊಬ್ಬನಿದ್ದಾನೆ. ಆಡುವುದಕ್ಕಿಂತ ತಿನ್ನುವುದೇ ಜಾಸ್ತಿ. ಈ ವಾದ ನಡೆದಾಗ ಅವನು, "ನಿಮ್ಮದೆಲ್ಲ ಎಂಥ ಮಾರಾಯ, ನಮ್ಮಲ್ಲಿ ಇದನ್ನು ತಾಳಮದ್ದಳೆಯಲ್ಲಿ ಯಾವತ್ತೋ ಮಾತಾಡಿ ಮುಗಿಸಿದ್ದಾರೆ" ಅಂದ. ನನಗೆ ಯಕ್ಷಗಾನ ಗೊತ್ತಿತ್ತು, ತಾಳಮದ್ದಳೆ ಅಷ್ಟಾಗಿ ಗೊತ್ತಿರಲಿಲ್ಲ. ಅವನು ಕಳಿಸಿದ ರೆಕಾರ್ಡಿಂಗ್‌ಗಳನ್ನು ಆಫೀಸಿಗೆ ಹೋಗ್ತಾ ಬರ್ತಾ ಕೇಳಿದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡ್ತಾರೆ, ಮದ್ದಳೆ ನುಡಿಯುತ್ತೆ, ಆಮೇಲೆ ಎದುರುಬದುರು ಕೂತ ಅರ್ಥಧಾರಿಗಳು ಆಯಾ ಪಾತ್ರವಾಗಿ ಮಾತಾಡ್ತಾ ಹೋಗ್ತಾರೆ. ಬರೆದುಕೊಂಡ ಸಂಭಾಷಣೆ ಇಲ್ಲ, ಎಲ್ಲ ಆ ಕ್ಷಣಕ್ಕೆ ಹುಟ್ಟಿದ್ದು. ಟೇಬಲ್ ಸುತ್ತ ಕೂತು ಪಾತ್ರವಾಗಿ ಮಾತಾಡುವುದನ್ನು ನಾವು ಅಮೆರಿಕದಿಂದ ಬಂದ ಹವ್ಯಾಸ ಅಂದುಕೊಂಡಿದ್ವಿ, ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಜನ ಇದನ್ನು ರಾತ್ರಿಯೆಲ್ಲ ಕೂತು ಕೇಳ್ತಿದ್ರು.

ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಕೊನೆ ಮೊದಲೇ ಗೊತ್ತು. ವಾಲಿಯ ಪ್ರಸಂಗ ತಗೊಳ್ಳಿ. ಮರೆಯಲ್ಲಿ ನಿಂತು ರಾಮ ಬಿಟ್ಟ ಬಾಣ ತಾಗಿ ವಾಲಿ ಬಿದ್ದಿದ್ದಾನೆ, ಬಿದ್ದುಕೊಂಡೇ ರಾಮನನ್ನು ಪ್ರಶ್ನೆ ಮಾಡ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಅರ್ಥ ಹೇಳುವುದನ್ನು ಕೇಳೋಕೆ ಜನ ಎಲ್ಲಿಂದೆಲ್ಲಿಗೋ ಹೋಗ್ತಿದ್ರಂತೆ. ವಾದದಲ್ಲಿ ವಾಲಿ ಎಷ್ಟು ಬೇಕಾದರೂ ಬಲವಾಗಬಹುದು, ರಾಮನನ್ನು ಇಕ್ಕಟ್ಟಿಗೆ ಸಿಕ್ಕಿಸಬಹುದು. ಆದರೆ ಸಾಯಬೇಕು. ಅಂದ ಮೇಲೆ ಅಲ್ಲಿ ಅರ್ಥಧಾರಿ ಆಪ್ಟಿಮೈಸ್ ಮಾಡುವುದು ಯಾವುದನ್ನು? ಗೆಲುವನ್ನಂತೂ ಅಲ್ಲ.

ಪುತ್ತೂರಿನವನು ಹೇಳುವ ಪ್ರಕಾರ ಅಲ್ಲೂ ಮಿನ್-ಮ್ಯಾಕ್ಸ್ ಮಾಡುವವರು ಇದ್ದಾರೆ. ಪುರಾಣ, ಶಾಸ್ತ್ರ, ತರ್ಕ ಎಲ್ಲ ಅರೆದು ಕುಡಿದು ಬಂದು ಎದುರಿನವರ ಬಾಯಿ ಕಟ್ಟಿಸುವುದೇ ಗುರಿ. ಆ ರಾತ್ರಿ ಚಪ್ಪಾಳೆ ಬೀಳುತ್ತೆ. ಆದರೆ ರಾಮನಿಗೆ ಉತ್ತರ ಹೇಳೋಕೆ ಜಾಗವೇ ಬಿಡದ ವಾಲಿ ಪ್ರಸಂಗವನ್ನೇ ಕೆಡಿಸ್ತಾನೆ, ಬಲ್ಲವರು ಅದನ್ನು ಔಚಿತ್ಯ ತಪ್ಪಿತು ಅಂತಾರೆ. ಒಳ್ಳೆಯ ಅರ್ಥಧಾರಿ ಕೇಳುವ ಪ್ರಶ್ನೆ ಎದುರಿನವರಿಂದ ಒಳ್ಳೆಯ ಉತ್ತರ ಹೊರಡಿಸುವ ಹಾಗಿರುತ್ತೆ. ಅವನ ಬಲ ಕಮ್ಮಿ ಆಗಲ್ಲ, ಬಲ ಎದುರಿನವನಿಗೂ ಉಪಯೋಗ ಆಗುತ್ತೆ. ಇದನ್ನು ಕೇಳಿದ ಮೇಲೆ ನಮ್ಮ ಬಿಲ್ಲುಗಾರನ 17 ಬಗ್ಗೆ ನನ್ನ ತಕರಾರು ಬದಲಾಯ್ತು. 17 ಇರಲಿ. ಅದರಿಂದ ಗುಂಡಪ್ಪನಿಗೆ ಲೆಕ್ಕ ಹೇಳಿಕೊಡುವಷ್ಟು ಪುರುಸೊತ್ತು ಸಿಗುತ್ತಾ ಅನ್ನೋದನ್ನು ನೋಡಬೇಕು.

ಅದೇ ಗುಂಗಿನಲ್ಲಿ ಕರ್ಣನ ಬಗ್ಗೆ ಯೋಚನೆ ಬಂತು. ನಮ್ಮಲ್ಲಿ ಕರ್ಣನನ್ನು ಇಷ್ಟಪಡದ ಕನ್ನಡಿಗ ಸಿಗೋದು ಕಷ್ಟ, 10ನೇ ಶತಮಾನದ ಪಂಪನಿಂದ ಶುರುವಾದ ಪ್ರೀತಿ ಅದು. ಆಟದ ಭಾಷೆಯಲ್ಲಿ ಹೇಳೋದಾದ್ರೆ ಕರ್ಣನಷ್ಟು ಕೆಟ್ಟ ಬಿಲ್ಡ್ ಇಲ್ಲ. ಹುಟ್ಟಿನಿಂದ ಬಂದ ಕವಚ ಕುಂಡಲವನ್ನು ಕೇಳಿದವನಿಗೆ ಕೊಟ್ಟ. ತೊಟ್ಟ ಬಾಣ ಮತ್ತೆ ತೊಡಲ್ಲ ಅಂತ ಕುಂತಿಗೆ ಮಾತು ಕೊಟ್ಟ. ಅವನು ಕರ್ಣ ಆಗಿದ್ದೇ ಇವುಗಳಿಂದ, ಇವನ್ನು ತೆಗೆದರೆ ಬರೀ ಒಬ್ಬ ಬಿಲ್ಲುಗಾರ. ಸರಿ. ಆದರೆ ದುರ್ಯೋಧನನ ಟೇಬಲ್ಲಿನಿಂದ ಒಂದು ಸಲ ನೋಡಿ. ಯುದ್ಧವನ್ನೆಲ್ಲ ಯಾರ ಮೇಲೆ ಭಾರ ಹಾಕಿ ಹೊರಟಿದ್ದನೋ, ಆ ಗೆಳೆಯ ತನ್ನ ಗುಣಕ್ಕಾಗಿ ತನ್ನ ರಕ್ಷಣೆಯನ್ನು ಹಂಚಿಬಿಟ್ಟ. ಬಿಲ್ ಕೌರವ ಸೈನ್ಯಕ್ಕೆ. ಕರ್ಣನ ದಾನ ದೊಡ್ಡದು ಅನ್ನೋದನ್ನು ನಾನು ಅಲ್ಲಗಳೆಯುತ್ತಿಲ್ಲ, ಅದನ್ನು ಹಾಡಿ ಹೊಗಳುವಾಗ ಆ ದಾನದಲ್ಲಿ ಬೇರೆಯವರ ಪಾಲೂ ಸೇರಿತ್ತು ಅನ್ನೋದನ್ನು ನಾವು ಎಣಿಸುವುದಿಲ್ಲ. ಪುತ್ತೂರಿನವನಿಗೆ ಈ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಎರಡು ವಾರ ನನ್ನನ್ನು ಶಕುನಿ ಅಂತಲೇ ಕರೆದ.

ಕೊರತೆಯನ್ನೇ ಲಾಭಕ್ಕೆ ಮಾರುವ ಆಟಗಳೂ ಇವೆ. 1986ರಲ್ಲಿ ಸ್ಟೀವ್ ಜಾಕ್ಸನ್ ತಂದ ಗರ್ಪ್ಸ್ ಅನ್ನುವ ಆಟದಲ್ಲಿ ಪಾತ್ರಕ್ಕೆ ಒಂದು ದೌರ್ಬಲ್ಯ ಬರೆದುಕೊಂಡರೆ ನಿಮಗೆ ಅಂಕ ವಾಪಸ್ ಸಿಗುತ್ತೆ. ಕುಂಟು, ಸಿಟ್ಟು, ಶತ್ರು, ಕೊಟ್ಟ ಮಾತು, ಎಲ್ಲಕ್ಕೂ ರೇಟ್ ಇದೆ. ಒಳ್ಳೆಯ ಉದ್ದೇಶ. ಆದರೆ ಜನ ಏನು ಮಾಡ್ತಾರೆ ಅಂದ್ರೆ, ಎಂದೂ ಕಾಡದಂಥ ದೌರ್ಬಲ್ಯ ಹುಡುಕಿ ಬರೆದುಕೊಳ್ತಾರೆ. ಊರಿನಲ್ಲೇ ನಡೆಯುವ ಕಥೆಗೆ ನೀರಿನ ಭಯ ಅಂತ ಹಾಕಿ ಅಂಕ ಜೇಬಿಗೆ ಇಳಿಸೋದು. ಇಂಟರ್‌ವ್ಯೂನಲ್ಲಿ ನಿಮ್ಮ ವೀಕ್ನೆಸ್ ಏನು ಅಂತ ಕೇಳಿದಾಗ "ನಾನು ಸ್ವಲ್ಪ ಪರ್ಫೆಕ್ಷನಿಸ್ಟ್" ಅಂತ ಹೇಳ್ತೀವಲ್ಲ, ಇದು ಅದೇ.

ಇಲ್ಲಿ ಬಂದು ನನಗೆ ಸ್ವಲ್ಪ ಗಂಭೀರವಾಗಿ ಚುಚ್ಚುತ್ತೆ. ನಮ್ಮ ತಲೆಮಾರು ಪಾತ್ರ ಕಟ್ಟುವುದನ್ನು ಟೇಬಲ್ಲಿನಲ್ಲಿ ಕಲಿತಿಲ್ಲ, ಪಿಯುಸಿಯಲ್ಲಿ ಕಲಿತಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಭಾಷೆ ಲೆಕ್ಕಕ್ಕಿಲ್ಲ. ಒಟ್ಟು ಪರ್ಸೆಂಟೇಜ್ ಚೆನ್ನಾಗಿ ಕಾಣಲಿ ಅಂತ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಸಂಸ್ಕೃತ ತಗೊಂಡರು, ಅದರಲ್ಲಿ ನೂರಕ್ಕೆ ನೂರು ಸಿಗುತ್ತೆ ಅಂತ. ಯಾರೂ ಕನ್ನಡವನ್ನು ದ್ವೇಷಿಸಲಿಲ್ಲ. ಅದು ಡಂಪ್ ಸ್ಟ್ಯಾಟ್ ಆಯ್ತು ಅಷ್ಟೇ. ಹಾಡು, ಆಟ, ಅಜ್ಜಿಯ ಊರಿಗೆ ಹೋಗುವ ರಜೆ, ಒಂದೊಂದನ್ನೇ 8ಕ್ಕೆ ಇಳಿಸಿದೆವು. ಅಲ್ಲಿ ಬಿಲ್ ಯಾರಿಗೆ ಹೋಯ್ತು ಅಂತ ಕೇಳೋಕೆ ಒಂದು ಟೇಬಲ್ ಕೂಡ ಇರಲಿಲ್ಲ. ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಹಾಗಂತ ಇಳಿಸಿದ್ದೆಲ್ಲ ತಪ್ಪು ಅಂತಲೂ ಅಲ್ಲ. ಬಾಡಿಗೆ ಮನೆಯಲ್ಲಿ ಬೆಳೆದ ಹುಡುಗನಿಗೆ ಆ ರ‍್ಯಾಂಕ್ ಬೇಕಿತ್ತು, ಅದರಿಂದ ಅಪ್ಪನ ಸಾಲ ತೀರಿತು. ಅವನನ್ನು ಕೂರಿಸಿಕೊಂಡು ವ್ಯಕ್ತಿತ್ವದ ಪಾಠ ಮಾಡುವವರು ಸಾಮಾನ್ಯವಾಗಿ ಸ್ವಂತ ಮನೆಯಲ್ಲಿ ಹುಟ್ಟಿದವರು. ಬುದ್ಧಿ 14 ಇಟ್ಟುಕೊಳ್ಳುವುದು ಕೂಡ ಕೆಲವು ಸಲ ಒಂದು ಅನುಕೂಲ. ಕೆಂಗೇರಿಯವನು ಇದನ್ನು ಒಂದು ಸಲ ನೇರವಾಗಿ ಹೇಳಿದ, ನಾವು ಯಾರೂ ಉತ್ತರ ಕೊಡಲಿಲ್ಲ.

ನಾವು ಮಾಡಿಕೊಂಡ ಬದಲಾವಣೆ ಸಣ್ಣದು. ಈಗ ಯಾರೂ ಮನೆಯಲ್ಲಿ ಹಾಳೆ ತುಂಬಿಕೊಂಡು ಬರುವ ಹಾಗಿಲ್ಲ. ಮೊದಲ ಭಾನುವಾರ ಆಟ ಇಲ್ಲ, ಬರೀ ಮಾತು. ಹೊರಗಿನವರು ಇದಕ್ಕೆ ಸೆಷನ್ ಝೀರೋ ಅಂತಾರೆ, ನಾವು ಪಂಚಾಯ್ತಿ ಅಂತೀವಿ. ಪ್ರತಿಯೊಬ್ಬರೂ ತಮ್ಮ ಪಾತ್ರದ ಯಾವ ಒಂದು ಅಂಕವನ್ನು ಏನಾದರೂ ಮಾರಲ್ಲ ಅಂತ ಹೇಳಬೇಕು, ಕಾರಣ ಹೇಳಬೇಕಾಗಿಲ್ಲ. ಉಳಿದವರು ಅದಕ್ಕೆ ತಮ್ಮ ಹಾಳೆಯಲ್ಲಿ ಜಾಗ ಮಾಡಬೇಕು. ಗುಂಡಪ್ಪನ ಬುದ್ಧಿ 14ರಲ್ಲೇ ಇದೆ. ಅವನಿಗೆ ಒಂದು ಸುತ್ತು ಜಾಸ್ತಿ ಬೇಕಾಗುತ್ತೆ ಅಂತ ಕೆಂಗೇರಿಯವನೇ ಲೆಕ್ಕ ಹಾಕಿ, ತನ್ನ ಬಿಲ್ಲುಗಾರನನ್ನು ಬಿಟ್ಟು, ಏಟು ತಿನ್ನುವ ತಾಳಿಕೆಯ ಗುರಾಣಿಯವನೊಬ್ಬನನ್ನು ಕಟ್ಟಿದ. ತಾಳಿಕೆ 16, ಚರ್ಚೆ ಇಲ್ಲ, ಪೂರ್ತಿ ಮಿನ್-ಮ್ಯಾಕ್ಸ್. ತಾನು ಮಾರಲ್ಲ ಅಂತ ಅವನು ಹೇಳಿದ ಅಂಕ ಅದೇ. ಅವನ ಪ್ರಕಾರ ಇದು ಹೊಸ ಮಾಂತ್ರಿಕನಿಗೆ ಶೇಕಡಾವಾರು ಎಷ್ಟು ಲಾಭ ಅಂತ ಒಂದು ಎಕ್ಸೆಲ್ ಶೀಟ್ ಇದೆ, ಕಳಿಸ್ತೀನಿ ಅಂದಿದ್ದಾನೆ. ನಾನಿನ್ನೂ ತೆರೆದು ನೋಡಿಲ್ಲ.